ವಿಷ್ಣುವರ್ಧನನಿಗೆ ಒಂದು ಅಳತೆ, ಕಾಫೂರನಿಗೆ ಇನ್ನೊಂದಾ?

ಬೇಲೂರಿನಿಂದ ಹಳೇಬೀಡಿಗೆ ಹದಿನಾರು ಕಿಲೋಮೀಟರ್. ಅಷ್ಟು ದೂರ ಹೋಗೋದರೊಳಗೆ ಯುದ್ಧದ ಬಗ್ಗೆ ನಮ್ಮ ಮಾತೇ ಬದಲಾಗಿಬಿಡುತ್ತೆ, ಗಮನಿಸಿದ್ದೀರಾ? ಬೇಲೂರಲ್ಲಿ ವಿಷ್ಣುವರ್ಧನ ತಲಕಾಡು ಗೆದ್ದ ಕಥೆ ಕೇಳಿದರೆ ಎದೆ ಉಬ್ಬುತ್ತೆ. ಹಳೇಬೀಡಲ್ಲಿ 1311ರ ಮಲಿಕ್ ಕಾಫೂರನ ದಾಳಿ ಅಂದ ಕೂಡಲೇ ಹಲ್ಲು ಕಡೀತೀವಿ. ಒಂದು ವಿಜಯ, ಇನ್ನೊಂದು ಲೂಟಿ. ಸರಿ, ಆದರೆ ಯಾವ ಅಳತೆಯಲ್ಲಿ?

ಮೊದಲು ವಿಷ್ಣುವರ್ಧನನ ಪರವಾಗಿಯೇ ಮಾತಾಡೋಣ. ತಲಕಾಡು ಗಂಗರ ರಾಜಧಾನಿ. ಸುಮಾರು 1004ರಲ್ಲಿ ಚೋಳರು ಅದನ್ನು ಕಿತ್ತುಕೊಂಡು, ರಾಜರಾಜಪುರ ಅಂತ ಹೆಸರನ್ನೂ ಬದಲಾಯಿಸಿದರು. ನೂರು ವರ್ಷ ಕಳೆದ ಮೇಲೆ, 1116ರ ಹೊತ್ತಿಗೆ, ಹೊಯ್ಸಳ ದಂಡನಾಯಕ ಗಂಗರಾಜ ಅಲ್ಲಿಗೆ ಹೋಗಿ, ನಾಡು ಬಿಟ್ಟುಕೊಡು ಅಂತ ಚೋಳ ಸಾಮಂತ ಅಡಿಯಮನನ್ನು ಕೇಳಿದ. ಕಾದಾಡಿ ತಗೋ ಅಂದನಂತೆ ಅಡಿಯಮ. ಕಾದಾಡಿಯೇ ತಗೊಂಡರು. ರಾಜ 'ತಲಕಾಡುಗೊಂಡ' ಆದ. ಮರುವರ್ಷ ಬೇಲೂರಲ್ಲಿ ವಿಜಯನಾರಾಯಣನ ಪ್ರತಿಷ್ಠೆ. ಅವನೇ ಇವತ್ತಿನ ಚೆನ್ನಕೇಶವ.

ಹೊರಗಿನವರನ್ನು ಓಡಿಸಿ ನಾಡನ್ನು ಬಿಡಿಸಿಕೊಂಡ ಯುದ್ಧ, ಆದ್ದರಿಂದ ನ್ಯಾಯ ಅನ್ನೋದು ನಮ್ಮ ವಾದ. ನಾನೂ ಅರ್ಧ ಒಪ್ತೀನಿ. ಅರ್ಧ ಯಾಕೆ ಅಂದ್ರೆ, ಗೆದ್ದ ನಾಡನ್ನು ಗಂಗರ ವಂಶಕ್ಕೇನೂ ವಾಪಸ್ ಕೊಡಲಿಲ್ಲ. ಹೊಯ್ಸಳರು ಮೂಡಿಗೆರೆ ಕಡೆಯ ಸೊಸೆವೂರಿನಿಂದ ಬೆಳೆದು ಬಂದ ಮಲೆನಾಡಿನ ಪಾಳೆಯಗಾರರಂಥ ಮನೆತನ. ಗಂಗವಾಡಿ ಅವರಿಗೂ ಹೊಸದೇ.

ಸರಿ, ದಕ್ಷಿಣದ್ದು ಬಿಡುಗಡೆಯ ಯುದ್ಧ ಅಂತಲೇ ಇಟ್ಟುಕೊಳ್ಳಿ. ಉತ್ತರದ್ದು? ಅಲ್ಲಿ ಯಾವ ಚೋಳನೂ ಇರಲಿಲ್ಲ ಸ್ವಾಮಿ! ಇದ್ದವನು ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯ. ಕನ್ನಡದ ದೊರೆ, ಸಾಲದ್ದಕ್ಕೆ ಹೊಯ್ಸಳರಿಗೇ ಒಡೆಯ. 1118ರಲ್ಲಿ ಕಣ್ಣೆಗಾಲದಲ್ಲಿ ಬೀಡುಬಿಟ್ಟಿದ್ದ ಚಾಲುಕ್ಯ ಸೈನ್ಯದ ಮೇಲೆ ಇದೇ ಗಂಗರಾಜ ರಾತ್ರೋರಾತ್ರಿ ಬಿದ್ದ. ಆಮೇಲೆ ಉಚ್ಚಂಗಿ, ಹಾನಗಲ್ಲು, ಬನವಾಸಿ ಅಂತ ಯುದ್ಧದ ಮೇಲೆ ಯುದ್ಧ. ಸತ್ತವರು ಎರಡೂ ಕಡೆ ಕನ್ನಡದವರೇ. ಇದನ್ನು ರಾಜ್ಯದಾಹ ಅನ್ನದೆ ಇನ್ನೇನು ಅನ್ನೋದು? ಬೇಲೂರಿನ ಶಿಲಾಬಾಲಿಕೆಯರ ಚೆಲುವು ನೋಡಿ ಈ ಲೆಕ್ಕ ಮನ್ನಾ ಮಾಡೋಕೆ ನನಗಂತೂ ಮನಸ್ಸಿಲ್ಲ.

ಕಾಫೂರನಿಗೂ ಇವರಿಗೂ ವ್ಯತ್ಯಾಸವೇ ಇಲ್ವಾ? ಇದೆ. ಅವನು ಆನೆ, ಕುದುರೆ, ಹೊನ್ನು ಎತ್ತಿಕೊಂಡು ಹೊರಟುಹೋದ. ಇವರು ಗೆದ್ದ ನೆಲದಲ್ಲಿ ಉಳಿದರು, ಆಳಿದರು. ಎರಡನೇ ಬಲ್ಲಾಳನ ಕಾಲದ ಅರಸೀಕೆರೆಯನ್ನೇ ನೋಡಿ. ವ್ಯಾಪಾರ ಬೆಳೆದು ತುಂಬಿ ತುಳುಕುತ್ತಿದ್ದ ಊರು. ಅಲ್ಲಿನ ಶಿವಾಲಯ 1220ರದ್ದು. ಗೆದ್ದವನು ಉಳಿದು ಏನು ಮಾಡಿದ ಅನ್ನೋದನ್ನು ಲೆಕ್ಕಕ್ಕೆ ತಗೊಳ್ಳಲೇಬೇಕು. ಆದರೆ ಆ ಲೆಕ್ಕಕ್ಕೆ ಇನ್ನೊಂದು ಪುಟವೂ ಇದೆ, ಅದು ಊರಾಚೆ ನಿಂತಿರೋ ವೀರಗಲ್ಲುಗಳು. ತುರುಗೊಳ್ ಅಂದರೆ ದನ ಹೊಡೆದುಕೊಂಡು ಹೋಗೋದು, ಊರಳಿವು ಅಂದರೆ ಊರು ಹಾಳಾಗೋದು, ಪೆಣ್ಬುಯ್ಯಲ್ ಅಂದರೆ ಹೆಣ್ಣುಮಕ್ಕಳ ಮೊರೆ. ಇದಕ್ಕೆಲ್ಲ ಕಲ್ಲಿನ ಭಾಷೆಯಲ್ಲಿ ಬೇರೆ ಬೇರೆ ಪದಗಳೇ ಇವೆ ಅಂದ್ರೆ, ಅದು ಎಷ್ಟು ಮಾಮೂಲಿ ಆಗಿತ್ತು ಯೋಚನೆ ಮಾಡಿ.

ಇನ್ನೊಂದು ಮಾತು. ಚೋಳರನ್ನು ಓಡಿಸಿದ ಒಂದು ಶತಮಾನದಲ್ಲೇ ಹೊಯ್ಸಳರು ಸೋಲುತ್ತಿದ್ದ ಚೋಳನ ರಕ್ಷಣೆಗೆ ನಿಂತರು. 'ಚೋಳರಾಜ್ಯ ಪ್ರತಿಷ್ಠಾಚಾರ್ಯ' ಅನ್ನೋ ಬಿರುದು ಪಡೆದರು. ಶ್ರೀರಂಗದ ಹತ್ತಿರದ ಕಣ್ಣಾನೂರಲ್ಲಿ ರಾಜಧಾನಿಯನ್ನೇ ಮಾಡಿಕೊಂಡರು. ಅಲ್ಲಿಯ ತಮಿಳು ರೈತನಿಗೆ ಹೊರಗಿನವರು ಯಾರು ಹೇಳಿ?

1311ರಲ್ಲಿ ಕಾಫೂರ ದೋರಸಮುದ್ರದ ಬಾಗಿಲಿಗೆ ಬಂದಾಗ ಮೂರನೇ ಬಲ್ಲಾಳ ಊರಲ್ಲಿ ಇರಲಿಲ್ಲ. ಪಾಂಡ್ಯ ಅಣ್ಣತಮ್ಮಂದಿರು ಸಿಂಹಾಸನಕ್ಕಾಗಿ ಕಿತ್ತಾಡುತ್ತಿದ್ದರು. ಅದೇ ಸಮಯ ಅಂತ ಅವರ ಊರುಗಳನ್ನು ಹಿಡಿಯೋಕೆ ಸೈನ್ಯ ಕಟ್ಟಿಕೊಂಡು ತಮಿಳುನಾಡಿಗೆ ಹೋಗಿದ್ದ. ಸುದ್ದಿ ಮುಟ್ಟಿದ ಮೇಲೆ ಓಡಿ ಬಂದ.