ಕಲಾಯಿಯಿಂದ ಸ್ಟೀಲಿನವರೆಗೆ



ಧನ್‌ತೇರಸ್ ಬಂತೆಂದರೆ ದಿಲ್ಲಿಯ ಸದರ್ ಬಜಾರಿನ ಡೆಪ್ಯುಟಿ ಗಂಜ್‌ನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂದು ಒಂದು ಚಮಚವನ್ನಾದರೂ ಕೊಳ್ಳಬೇಕೆಂಬುದು ಇಲ್ಲಿನವರ ನಂಬಿಕೆ. ಅದೇ ತ್ರಯೋದಶಿಯ ಸಂಜೆ ನಮ್ಮೂರುಗಳಲ್ಲಿ ನೀರು ತುಂಬುವ ಹಬ್ಬ. ಇಲ್ಲಿ ಹೊಸ ಪಾತ್ರೆ ಮನೆಗೆ ಬಂದರೆ, ಅಲ್ಲಿ ಹಳೆಯ ಹಂಡೆಗೇ ಪೂಜೆ!

ಹಂಡೆ ತಾಮ್ರದ್ದು, ಅಡುಗೆಯ ತಪ್ಪಲೆ ಹಿತ್ತಾಳೆಯದು. ಹುಣಸೆಹುಳಿ ಹಾಕಿದ ಸಾರು ಬರಿಯ ಹಿತ್ತಾಳೆಯಲ್ಲಿದ್ದರೆ ಕಿಲುಬು ಬಿಡುತ್ತದೆ. ಅದಕ್ಕಾಗಿಯೇ ಒಳಗೆ ತವರದ ಲೇಪ, ಅಂದರೆ ಕಲಾಯಿ. ಕಲಾಯಿಯವನು ಬೀದಿಯಲ್ಲೇ ತಿದಿ ಊದಿ, ಕಾದ ಪಾತ್ರೆಗೆ ನವಸಾಗರ ಉದುರಿಸಿ, ತವರ ತಾಗಿಸಿ ಬಟ್ಟೆಯಿಂದ ಒರೆಸಿದರೆ ಒಳಗೆಲ್ಲ ಬೆಳ್ಳಿಯ ಹೊಳಪು. ತವರ ಕರಗಲು 232 ಡಿಗ್ರಿ ಸೆಲ್ಸಿಯಸ್ ಸಾಕು. ಅದೇ ಕಾರಣಕ್ಕೆ ಖಾಲಿ ಪಾತ್ರೆಯನ್ನು ಒಲೆಯ ಮೇಲೆ ಮರೆತರೆ ಕಲಾಯಿಯೂ ಹೋಯಿತು. ಒಗ್ಗರಣೆಗೆ ಬೇರೆಯೇ ಕಬ್ಬಿಣದ ಸೌಟಿದ್ದದ್ದು ಎಷ್ಟು ಅನುಕೂಲ ನೋಡಿ.

1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಸವೆಯದ ಬಂದೂಕಿನ ನಳಿಗೆಗಾಗಿ ಹುಡುಕುತ್ತಾ ಕ್ರೋಮಿಯಂ ಬೆರೆತ, ತುಕ್ಕು ಹಿಡಿಯದ ಉಕ್ಕನ್ನು ಕಂಡುಕೊಂಡ. ಹುಳಿಗೆ ಅಂಜದ, ಕಲಾಯಿ ಬೇಡದ ಈ ಲೋಹ ನಮ್ಮ ಅಡುಗೆಮನೆಗೆ ಬಂದಮೇಲೆ ಅಜ್ಜಿಯರ ಹಿತ್ತಾಳೆ ಪಾತ್ರೆಗಳು ತೂಕಕ್ಕೆ ಹೋದವು. ಹಳೇ ಬಟ್ಟೆ ಕೊಟ್ಟು ಸ್ಟೀಲ್ ಡಬರಿ ಪಡೆದ ಅಮ್ಮಂದಿರು ಎಷ್ಟಿಲ್ಲ! ದಿಲ್ಲಿಯಲ್ಲಿ ಈ ವ್ಯಾಪಾರ ನಡೆಸಿದ ವಾಘ್ರಿ ಹೆಂಗಸರು ಹಾಗೆ ಕೂಡಿಸಿದ ಬಟ್ಟೆಯನ್ನು ರಘುಬೀರ್ ನಗರದ ಸಂತೆಯಲ್ಲಿ ಮಾರುತ್ತಾರೆ. ಇನ್ನು ಸ್ಟೀಲ್ ತಗಡು ಉರುಳಿಸುವ ಕಾರ್ಖಾನೆಗಳೋ, ಇಲ್ಲೇ ವಜೀರ್‌ಪುರದಲ್ಲಿ ಸಾಲಾಗಿವೆ.

ಆದರೆ ಸ್ಟೀಲೆಲ್ಲ ಒಂದೇ ಅಲ್ಲ. 304 ಎಂಬ ದರ್ಜೆಯಲ್ಲಿ ಸುಮಾರು ಶೇಕಡಾ 18 ಕ್ರೋಮಿಯಂ, 8 ನಿಕಲ್. ಅಗ್ಗದ 200 ಸರಣಿಯಲ್ಲಿ ನಿಕಲ್ ಕಡಿಮೆ, ಅದರ ಜಾಗದಲ್ಲಿ ಮ್ಯಾಂಗನೀಸ್. ಉಪ್ಪು-ಹುಳಿಗೆ ಬೇಗ ಕಲೆ ಬೀಳುತ್ತದೆ. ಅಂಗಡಿಯವನು ಅಯಸ್ಕಾಂತ ಹಿಡಿದು "ಅಂಟಲಿಲ್ಲ, ಅಸಲಿ ಮಾಲು" ಎಂದರೆ ನಂಬಬೇಡಿ, ಇವೆರಡೂ ಸಾಮಾನ್ಯವಾಗಿ ಅಂಟುವುದಿಲ್ಲ. ತಳದ ಮುದ್ರೆ ನೋಡಿ. ಸ್ಟೀಲ್ ಮತ್ತು ಅಲ್ಯೂಮಿನಿಯಂ ಪಾತ್ರೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವೆಂದು ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಆದೇಶ ಹೊರಡಿಸಿತು. ತಳ ದಪ್ಪಗಿರಲಿ: ಸ್ಟೀಲು ಶಾಖವನ್ನು ಸಮನಾಗಿ ಹರಡದು, ತೆಳು ಪಾತ್ರೆಯಲ್ಲಿ ಬಿಸಿಬೇಳೆಭಾತ್ ತಳ ಹಿಡಿಯುವುದು ಖಂಡಿತ.

ಊರಿಂದ ತಂದ ಹಿತ್ತಾಳೆ ತಪ್ಪಲೆ ನಿಮ್ಮ ದ್ವಾರಕಾ ಅಥವಾ ನೋಯ್ಡಾ ಫ್ಲಾಟಿನಲ್ಲಿ ಹೂಕುಂಡವಾಗಿದ್ದರೆ, ಒಮ್ಮೆ ಒಳಗೆ ಇಣುಕಿ. ಕೆಂಪು-ಹಳದಿ ಲೋಹ ಕಂಡರೆ ಕಲಾಯಿ ಹಾಕಿಸಿದ ಮೇಲಷ್ಟೇ ಸಾರಿಗಿಡಿ.