ಮೂಡಲ ಬಾಗಿಲಿನ ಆಚೆಯ ಆಸ್ಪತ್ರೆಗಳು

ಮುಳಬಾಗಿಲಿನ ಹೆಸರಿನೊಳಗೇ ಒಂದು ಬಾಗಿಲಿದೆ. ಮೈಸೂರು ಸೀಮೆಯ ಮೂಡಣ ದಿಕ್ಕಿನ ಬಾಗಿಲು, 'ಮೂಡಲ ಬಾಗಿಲು', ಜನರ ಬಾಯಲ್ಲಿ ಸವೆದು ಮುಳಬಾಗಿಲಾಯಿತು ಎನ್ನುತ್ತಾರೆ. ತಿರುಪತಿಗೆ ಹರಕೆ ಹೊತ್ತವರು ಈ ದಾರಿಯಲ್ಲಿ ಹೋದರು. ಹೈದರನ ದಂಡು, ಇಂಗ್ಲಿಷರ ದಂಡು ಇಲ್ಲೇ ಓಡಾಡಿದವು. ಇವೆಲ್ಲ ಚರಿತ್ರೆಗೆ ಸೇರಿವೆ. ಇದೇ ದಾರಿಯಲ್ಲಿ ಸುಮಾರು ನೂರು ವರ್ಷಗಳಿಂದ ಹೋಗುತ್ತಿರುವ ಇನ್ನೊಂದು ಗುಂಪು ಮಾತ್ರ ಚರಿತ್ರೆಯಲ್ಲಿ ಅಷ್ಟಾಗಿ ಕಾಣಿಸುವುದಿಲ್ಲ. ಕೈಯಲ್ಲಿ ಹಳೆಯ ಚೀಟಿಗಳ ಕಟ್ಟು, ಚೀಲದಲ್ಲಿ ಎರಡು ಜೊತೆ ಬಟ್ಟೆ, ಮಡಿಲಲ್ಲಿ ಸಾಲ ತಂದ ದುಡ್ಡು, ಜೊತೆಗೆ ಓದು ಬಲ್ಲ ಒಬ್ಬ ನೆಂಟ. ಇವರು ರೋಗಿಗಳು.

ಕಡಿಮೆ ಖರ್ಚಿನ ಚಿಕಿತ್ಸೆಗಾಗಿ ಗಡಿ ದಾಟುವುದು ಈಚಿನ ಸಂಗತಿಯೆಂಬ ಭಾವನೆ ನಮ್ಮಲ್ಲಿದೆ. 'ವೈದ್ಯಕೀಯ ಪ್ರವಾಸೋದ್ಯಮ' ಎಂಬ ಭಾರದ ಹೆಸರೂ ಅದಕ್ಕೆ ಬಂದಿದೆ. ಅಮೆರಿಕದವರು ಹಲ್ಲು ಕಟ್ಟಿಸಿಕೊಳ್ಳಲು ಮೆಕ್ಸಿಕೋದ ಗಡಿಯೂರುಗಳಿಗೆ ಹೋಗುತ್ತಾರೆ. 2003ರಲ್ಲಿ ಲಾಹೋರಿನಿಂದ ಬಸ್ಸಿನಲ್ಲಿ ದೆಹಲಿಗೆ ಬಂದ ಎರಡೂವರೆ ವರ್ಷದ ಹೆಣ್ಣುಮಗುವಿಗೆ ಬೆಂಗಳೂರಿನಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾದದ್ದು ದೊಡ್ಡ ಸುದ್ದಿಯಾಗಿತ್ತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಜನ ಮಾತ್ರ ಈ ಕೆಲಸವನ್ನು ಅದಕ್ಕೊಂದು ಹೆಸರಿಲ್ಲದ ಕಾಲದಿಂದಲೂ ಮಾಡುತ್ತ ಬಂದಿದ್ದಾರೆ. 1947ಕ್ಕೆ ಮೊದಲು ಈ ತಾಲ್ಲೂಕುಗಳು ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಗಡಿಯಾಚೆ ಮದರಾಸು ಪ್ರಾಂತ, ನೇರ ಬ್ರಿಟಿಷರ ಆಳ್ವಿಕೆ. ಕಾಗದದ ಮೇಲೆ ಅದು ಪರರಾಜ್ಯವೇ. ಊರಿನವರ ಲೆಕ್ಕದಲ್ಲಿ ಹಾಗಿರಲಿಲ್ಲ. ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಎಷ್ಟೋ ಮನೆಗಳ ಮಾತು ತೆಲುಗು. ಹೆಣ್ಣು ಕೊಟ್ಟು ತಂದ ನೆಂಟಸ್ತನಕ್ಕೆ ಗಡಿಕಲ್ಲು ಅಡ್ಡಿಯಾಗಿರಲಿಲ್ಲ.

ಈ ಪಯಣದ ಮೊದಲ ದೊಡ್ಡ ಗುರಿ ಮದನಪಲ್ಲಿ. ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ದಾಟಿದರೆ ಆಂಧ್ರದ ನೆಲ. ಅಲ್ಲಿಂದ ಮದನಪಲ್ಲಿ ದೂರವೇನಲ್ಲ. ಆ ಊರಿನ ಹೊರಗೆ 1915ರಲ್ಲಿ ಕ್ಷಯರೋಗಿಗಳಿಗಾಗಿ ಒಂದು ಸ್ಯಾನಿಟೋರಿಯಂ ತೆರೆಯಿತು. ಹಲವು ಕ್ರೈಸ್ತ ಮಿಷನ್‌ಗಳು ಕೂಡಿ ಕಟ್ಟಿದ ಸಂಸ್ಥೆ ಅದು. ಡೆನ್ಮಾರ್ಕಿನ ವೈದ್ಯ ಕ್ರಿಶ್ಚಿಯನ್ ಫ್ರಿಮೋಟ್ ಮೋಲರ್ ಅದರ ಮೊದಲ ಮೇಲ್ವಿಚಾರಕರು. ಜಾಗಕ್ಕೆ ಆರೋಗ್ಯವರಂ ಎಂಬ ಹೆಸರಾಯಿತು. ಎರಡು ಸಾವಿರ ಅಡಿಗೂ ಹೆಚ್ಚು ಎತ್ತರ, ಒಣಹವೆ. ಔಷಧವೇ ಇಲ್ಲದ ಆ ಕಾಲದಲ್ಲಿ ಕ್ಷಯಕ್ಕೆ ಚಿಕಿತ್ಸೆಯೆಂದರೆ ಗಾಳಿ, ಒಳ್ಳೆಯ ಊಟ, ವಿಶ್ರಾಂತಿ. ರೋಗಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮಲಗಿರಬೇಕು. ಎದೆಗೂಡಿನೊಳಕ್ಕೆ ಸೂಜಿಯಿಂದ ಗಾಳಿ ಬಿಟ್ಟು, ರೋಗ ಹಿಡಿದ ಶ್ವಾಸಕೋಶವನ್ನು ಕುಗ್ಗಿಸಿ, ಅದಕ್ಕೂ ವಿಶ್ರಾಂತಿ ಕೊಡುವುದು ಆಗಿನ ಹೊಸ ವಿದ್ಯೆ.

ಮೈಸೂರು ಸಂಸ್ಥಾನದಲ್ಲಿ ಆಸ್ಪತ್ರೆಗಳಿರಲಿಲ್ಲವೆಂದಲ್ಲ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲೇ ತೆರೆದಿತ್ತು. ಕ್ಷಯಕ್ಕೆಂದೇ ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಿಟೋರಿಯಂ 1920ರ ಸುಮಾರಿಗೆ ಆಯಿತು. ಕೋಲಾರದಲ್ಲಿಯೇ ಅಮೆರಿಕದ ಮೆಥಡಿಸ್ಟ್ ಮಿಷನ್ನಿನ ಇ.ಟಿ.ಸಿ.ಎಂ. ಆಸ್ಪತ್ರೆ ಹೆರಿಗೆಗೂ ಮಕ್ಕಳ ಕಾಯಿಲೆಗೂ ಹೆಸರಾಗಿತ್ತು. ಚಿನ್ನದ ಗಣಿಯಲ್ಲೂ ಕಂಪನಿಯ ಆಸ್ಪತ್ರೆಯಿತ್ತು, ಆದರೆ ಅದು ಇದ್ದದ್ದು ಗಣಿಯವರಿಗಾಗಿ. ಶ್ರೀನಿವಾಸಪುರದ ರೈತನಿಗೆ ತನ್ನ ಮಹಾರಾಜರ ಮೈಸೂರು ದೂರ, ಪರರಾಜ್ಯದ ಮದನಪಲ್ಲಿ ಹತ್ತಿರ. ಅವನು ಹತ್ತಿರದ್ದನ್ನು ಹಿಡಿದ.

ಹಾಗಾದರೆ ಅದು ಅಗ್ಗದ ಚಿಕಿತ್ಸೆಯೇ? ಇಲ್ಲಿ ಸ್ವಲ್ಪ ನಿಲ್ಲಬೇಕು. ದುಡಿಯುವವನು ಒಂದು ವರ್ಷ ಮಂಚದ ಮೇಲಿದ್ದರೆ ಅವನ ಹೊಲಕ್ಕೆ ರಾಗಿ ಬಿತ್ತುವವರು ಯಾರು? ತಾಯಿ ಮಲಗಿದರೆ ಎಮ್ಮೆಗೆ ಮೇವು, ಮಕ್ಕಳಿಗೆ ಹಿಟ್ಟು? ಆಸ್ಪತ್ರೆ ಒಂದು ಕಾಸನ್ನೂ ಕೇಳದಿದ್ದರೂ ಈ ಖರ್ಚು ಉಳಿಯುತ್ತದೆ. ಯಾವ ರಸೀದಿಯಲ್ಲೂ ಕಾಣದ ಖರ್ಚು ಇದು. ಮನೆಯಲ್ಲಿ ಯಾರೂ ದುಡಿಯದಿದ್ದರೂ ನಡೆಯುವಷ್ಟು ಇದ್ದವರು ಮಾತ್ರ ಸ್ಯಾನಿಟೋರಿಯಂ ಚಿಕಿತ್ಸೆಯನ್ನು ಕೊನೆಯವರೆಗೆ ಪಡೆಯಬಲ್ಲವರಾಗಿದ್ದರು.

ಈ ಗಂಟನ್ನು ಬಿಡಿಸಿದ್ದು ಮದರಾಸಿನ ಒಂದು ಪ್ರಯೋಗ. 1952ರಲ್ಲಿ ಐಸೋನಿಯಜಿಡ್ ಎಂಬ ಅಗ್ಗದ ಮಾತ್ರೆ ಬಂದಿತ್ತು. 1956ರಲ್ಲಿ ಮದರಾಸಿನಲ್ಲಿ ತೆರೆದ ಕ್ಷಯ ಔಷಧ ಸಂಶೋಧನಾ ಕೇಂದ್ರ, ಬಡ ರೋಗಿಗಳನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಸ್ಯಾನಿಟೋರಿಯಂನಲ್ಲಿ ಹಾಸಿಗೆ, ಊಟ, ವಿಶ್ರಾಂತಿ, ಔಷಧ. ಇನ್ನೊಂದಕ್ಕೆ ಅದೇ ಔಷಧ, ಆದರೆ ಇಕ್ಕಟ್ಟಿನ ತಮ್ಮ ಮನೆಯಲ್ಲೇ, ತಮ್ಮ ಬಡ ಊಟದೊಡನೆ. 1959ರಲ್ಲಿ ಪ್ರಕಟವಾದ ಫಲಿತಾಂಶ ಜಗತ್ತಿನ ವೈದ್ಯರನ್ನು ಬೆರಗುಗೊಳಿಸಿತು. ಒಂದು ವರ್ಷದ ಕೊನೆಗೆ ಎರಡೂ ಗುಂಪುಗಳು ಹೆಚ್ಚುಕಡಿಮೆ ಒಂದೇ ಮಟ್ಟಿಗೆ ಗುಣವಾಗಿದ್ದವು. ಮನೆಯವರಿಗೆ ರೋಗ ಹೆಚ್ಚಾಗಿ ತಗಲುತ್ತದೆಂಬ ಭಯವೂ ಹುಸಿಯಾಯಿತು. ಗಾಳಿ, ಬೆಟ್ಟ, ಮಂಚ ಯಾವುದೂ ಬೇಕಾಗಿರಲಿಲ್ಲ.

ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅದರ ಸಮಾಜ ವಿಜ್ಞಾನಿ ದೇವಬ್ರತ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್‌ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಮಾಡಿದ ಅಧ್ಯಯನ 1963ರಲ್ಲಿ ಹೊರಬಂತು. ಹಳ್ಳಿಯವರು ಅಜ್ಞಾನದಿಂದ ಆಸ್ಪತ್ರೆಗೆ ಬರುವುದಿಲ್ಲವೆಂದು ಪಟ್ಟಣದವರು ಹೇಳುತ್ತಿದ್ದ ಕಾಲ. ಅಧ್ಯಯನ ಹೇಳಿದ್ದೇ ಬೇರೆ. ಕ್ಷಯವಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಆಗಲೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಸಿಕ್ಕಿದ್ದು ಕೆಮ್ಮಿನ ಬಾಟಲಿ. ಕಫ ಪರೀಕ್ಷೆಯಿಲ್ಲ, ಮಾತ್ರೆಯಿಲ್ಲ. ತುಮಕೂರಿನ ಮಾತನ್ನು ಹಾಗೆಯೇ ಕೋಲಾರಕ್ಕೆ ಅನ್ವಯಿಸುವುದು ಸರಿಯಲ್ಲದಿರಬಹುದು. ಆದರೂ ಜನ ಯಾಕೆ ಗಡಿ ದಾಟುತ್ತಾರೆಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಓದಿಲ್ಲ. ದೂರದ ಆಸ್ಪತ್ರೆಯ ಆಕರ್ಷಣೆಗಿಂತ, ಹತ್ತಿರದ ಬಾಗಿಲು ತಟ್ಟಿ ಬರಿಗೈಯಲ್ಲಿ ಹಿಂದಿರುಗಿದ ಅನುಭವ ಅವರನ್ನು ಹೊರಡಿಸುತ್ತದೆ. 1962ರಿಂದ ರಾಷ್ಟ್ರೀಯ ಕಾರ್ಯಕ್ರಮವಾಗಿ ಮಾತ್ರೆಗಳು ಜಿಲ್ಲೆಗಳಿಗೆ ಬರತೊಡಗಿದ ಮೇಲೆ ಸ್ಯಾನಿಟೋರಿಯಂಗೆ ಹೋಗುವ ಅಗತ್ಯ ನಿಧಾನವಾಗಿ ಕರಗಿತು.

ಕರಗದೆ ಉಳಿದದ್ದು ವೇಲೂರಿನ ದಾರಿ. ನಮ್ಮ ಹಳಬರು 'ರಾಯವೇಲೂರು' ಎನ್ನುತ್ತಿದ್ದರು. ಅಲ್ಲಿನ ಸಿ.ಎಂ.ಸಿ. ಆಸ್ಪತ್ರೆಯ ಕಥೆ ಹಲವರಿಗೆ ಗೊತ್ತಿರುವುದೇ. ಮಿಷನರಿ ವೈದ್ಯರ ಮಗಳು ಐಡಾ ಸ್ಕಡರ್ ಹುಟ್ಟಿದ್ದು 1870ರಲ್ಲಿ, ರಾಣಿಪೇಟೆಯಲ್ಲಿ. ಯುವತಿಯಾಗಿದ್ದಾಗ ಒಂದೇ ರಾತ್ರಿ ಮೂರು ಮನೆಗಳ ಗಂಡಸರು ಹೆರಿಗೆಯಲ್ಲಿ ನರಳುತ್ತಿದ್ದ ಹೆಂಡಂದಿರಿಗಾಗಿ ಅವರ ಬಾಗಿಲಿಗೆ ಬಂದರು. ಗಂಡು ವೈದ್ಯ ಮುಟ್ಟುವುದು ಅವರಿಗೆ ಒಪ್ಪಿಗೆಯಿಲ್ಲ. ಐಡಾಗೆ ವೈದ್ಯ ಬಾರದು. ಬೆಳಗಾಗುವಷ್ಟರಲ್ಲಿ ಮೂವರೂ ತೀರಿಕೊಂಡಿದ್ದರು. ಅಮೆರಿಕಕ್ಕೆ ಹೋಗಿ ವೈದ್ಯ ಕಲಿತು ಬಂದ ಆಕೆ 1900ರಲ್ಲಿ ಒಂದು ಹಾಸಿಗೆಯ ಚಿಕಿತ್ಸಾಲಯ ತೆರೆದರು. ನ್ಯೂಯಾರ್ಕಿನ ಬ್ಯಾಂಕರ್ ಒಬ್ಬರು ಮಡದಿಯ ನೆನಪಿಗೆ ಕೊಟ್ಟ ಹತ್ತು ಸಾವಿರ ಡಾಲರ್‌ಗಳಿಂದ 1902ರಲ್ಲಿ 40 ಹಾಸಿಗೆಗಳ ಆಸ್ಪತ್ರೆಯಾಯಿತು. 1918ರಲ್ಲಿ ಹೆಣ್ಣುಮಕ್ಕಳಿಗೆ ವೈದ್ಯಶಾಲೆ. 1947ರಲ್ಲಿ ಗಂಡುಹುಡುಗರಿಗೂ ಪ್ರವೇಶ. ಪಾಲ್ ಬ್ರಾಂಡ್ ಅಲ್ಲಿ ಕುಷ್ಠರೋಗಿಗಳ ಸೆಟೆದ ಕೈಗಳನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಿದರು. ದೇಶದ ಮೊದಲ ತೆರೆದ ಹೃದಯದ ಶಸ್ತ್ರಚಿಕಿತ್ಸೆ 1961ರಲ್ಲಿ, ಮೂತ್ರಪಿಂಡದ ಕಸಿ 1971ರಲ್ಲಿ ಅಲ್ಲಿ ನಡೆದವು.

ಮಾಲೂರಿನವರಿಗೆ ಇದು ರೈಲುದಾರಿ. ಮಾಲೂರು, ಬಂಗಾರಪೇಟೆ, ಕುಪ್ಪಂ, ಜೋಲಾರಪೇಟೆ ಹಾದು ಕಾಟ್ಪಾಡಿಯಲ್ಲಿಳಿದರೆ ವೇಲೂರು ಪಕ್ಕದಲ್ಲೇ. ಮುಳಬಾಗಿಲಿನವರಿಗೆ ಪಲಮನೇರು, ಚಿತ್ತೂರಿನ ಬಸ್ ದಾರಿ. ಅಲ್ಲಿ ಆಸ್ಪತ್ರೆ ಅಗ್ಗವಾಗಿ ಉಳಿಯಲು ಕಾರಣ ದಾನವೊಂದೇ ಅಲ್ಲ. ಪ್ರತ್ಯೇಕ ಕೋಣೆ ಹಿಡಿಯುವವನಿಂದ ಹೆಚ್ಚು ಪಡೆದು ಸಾಮಾನ್ಯ ವಾರ್ಡಿನವನಿಗೆ ಇಳಿಸುವ ಪದ್ಧತಿ. ಹೊರಗೆ ದೊರೆಯುವುದಕ್ಕಿಂತ ಕಡಿಮೆ ಸಂಬಳಕ್ಕೆ ದುಡಿಯುವ ವೈದ್ಯರು. ಇನ್ನೊಂದು ಸಣ್ಣ ಸಂಗತಿಯೂ ಇದೆ. ಪ್ರತಿ ರೋಗಿಗೂ ಒಂದು ಸಂಖ್ಯೆ. ಎಷ್ಟು ವರ್ಷಗಳ ಮೇಲೆ ಹೋದರೂ ಅದೇ ಸಂಖ್ಯೆ. ಹೊಲದ ಪಹಣಿಯ ಜೊತೆಗೆ ಆ ಚೀಟಿಯನ್ನೂ ಟ್ರಂಕಿನಲ್ಲಿ ಜೋಪಾನ ಮಾಡಿದವರನ್ನು ನಾನು ಕಂಡಿದ್ದೇನೆ.

ಆದರೆ ಇಲ್ಲಿಯೂ ರಸೀದಿಯಿಲ್ಲದ ಖರ್ಚು ತಪ್ಪಲಿಲ್ಲ. ವೇಲೂರಿನ ಆಸ್ಪತ್ರೆಯ ಸುತ್ತಲಿನ ಬೀದಿಗಳಲ್ಲಿ ಲಾಡ್ಜುಗಳ ಸಾಲು. ಬಂಗಾಳ, ಬಾಂಗ್ಲಾದೇಶಗಳಿಂದ ಬರುವವರಿಗಾಗಿ ಬಂಗಾಳಿ ಅಕ್ಷರದ ಬೋರ್ಡುಗಳು. ಅವುಗಳ ನಡುವೆ ನಮ್ಮ ಕಡೆಯ ಹೆಂಗಸು ಸೀಮೆಎಣ್ಣೆಯ ಸ್ಟೌ ಹಚ್ಚಿ ಮುದ್ದೆ ತೊಳೆಸಿ, ಪರೀಕ್ಷೆಯ ಫಲಿತಾಂಶಕ್ಕಾಗಿ ದಿನ ಎಣಿಸುತ್ತಿದ್ದದ್ದೂ ಉಂಟು. 'ಮಾವಿನ ದುಡ್ಡು ಕೈಗೆ ಬರಲಿ, ಆಮೇಲೆ ಹೋಗೋಣ' ಎಂದು ಮುಂದೂಡಿ, ಹೋಗುವ ಹೊತ್ತಿಗೆ ಕಾಲ ಮಿಂಚಿದವರೂ ಉಂಟು.

ಈಗ ಆಯ್ಕೆಗಳು ಹೆಚ್ಚಿವೆ. ಕೋಲಾರದ ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜು 1986ರಲ್ಲಿ ಆರಂಭವಾಯಿತು. 2001ರಲ್ಲಿ ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ ಹಣ ಪಡೆಯದೆ ಹೃದಯದ ಶಸ್ತ್ರಚಿಕಿತ್ಸೆ ಮಾಡತೊಡಗಿತು. ಮಾಲೂರಿಗೆ ಅದು ರೈಲಿನಲ್ಲಿ ಹತ್ತಿರದ ದಾರಿ. ಕುಪ್ಪಂನಲ್ಲೂ ವೈದ್ಯಕೀಯ ಕಾಲೇಜಾಗಿದೆ. 2018ರಿಂದ ಆರೋಗ್ಯ ಕರ್ನಾಟಕದ ಕಾರ್ಡು ಬಂದಿದೆ. ವಿಚಿತ್ರವೆಂದರೆ, ಸಂಸ್ಥಾನದ ಕಾಲದಲ್ಲಿ ಅಡ್ಡಿಯಾಗದಿದ್ದ ಗಡಿ ಕಾರ್ಡಿನ ಕಾಲದಲ್ಲಿ ಎದುರಾಗುತ್ತದೆ. ಆಂಧ್ರದ ಯೋಜನೆ ಆಂಧ್ರದವರಿಗೆ, ನಮ್ಮದು ನಮ್ಮವರಿಗೆ. ಹತ್ತು ಮೈಲಿಯಾಚೆಯ ಆಸ್ಪತ್ರೆಯ ಕಿಟಕಿಯಲ್ಲಿ ನಿಂತವನನ್ನು ಈಗ ಮೊದಲು ಕೇಳುವುದು ಯಾವ ರಾಜ್ಯದ ಕಾರ್ಡು ಎಂದು.