ಮರದ ಗುಡಿ, ಕಲ್ಲಿನ ಗುಡಿ: ಗ್ರೀಕ್ ದೇವಾಲಯದಲ್ಲಿ ಅನುಕರಣೆಯ ಪ್ರಶ್ನೆ

ಗ್ರೀಕ್ ದೇವಾಲಯದ ಮಾತು ಬಂದಾಗಲೆಲ್ಲ ಎರಡು ವಾದ ಕೇಳಿಬರುತ್ತವೆ. ಎಲ್ಲಾ ಈಜಿಪ್ತಿನಿಂದ ತಂದದ್ದು ಅನ್ನುವುದು ಒಂದು. ತಮ್ಮದೇ ಮರದ ಗುಡಿಯನ್ನು ಗ್ರೀಕರು ಕಲ್ಲಿಗೆ ಇಳಿಸಿದರು ಅನ್ನುವುದು ಇನ್ನೊಂದು. ಎರಡರಲ್ಲೂ ಅನುಕರಣೆ ಅಂದರೆ ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡುವುದು ಅಂತಲೇ ಗ್ರಹಿಕೆ. ನನ್ನ ತಕರಾರು ಅಲ್ಲಿದೆ.

ಡೋರಿಕ್ ಶೈಲಿಯಲ್ಲಿ ಕಂಬಗಳ ಮೇಲಿನ ತೊಲೆಗೂ ಮೇಲೆ ಒಂದು ಪಟ್ಟಿ ಓಡುತ್ತದೆ. ಅದರಲ್ಲಿ ಅಲ್ಲಲ್ಲಿ ಉದ್ದುದ್ದ ಗೀರುಗಳ ಫಲಕ, ಅದೇ ಟ್ರೈಗ್ಲಿಫ್. ಮರದ ಜಂತೆಗಳ ತುದಿ ಕಾಣದಂತೆ ಬಡಿಗರು ಹೊಡೆಯುತ್ತಿದ್ದ ಹಲಗೆಯೇ ಕಲ್ಲಿನಲ್ಲಿ ಹೀಗಾಯಿತು ಎಂದು ಕ್ರಿ.ಪೂ. 1ನೇ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ವಿವರಿಸುತ್ತಾನೆ.

ಒಲಿಂಪಿಯಾದ ಹೀರಾ ದೇವಾಲಯ ಇದಕ್ಕೆ ಬಲ ಕೊಡುತ್ತದೆ. ಕ್ರಿ.ಪೂ. 600ರ ಸುಮಾರಿನದು, ಸುತ್ತ 40 ಕಂಬ. ಒಂದೊಂದರ ದಪ್ಪ ಒಂದೊಂದು ಥರ, ಬೋದಿಗೆಯ ಆಕಾರವೂ ಅಷ್ಟೆ. ಕ್ರಿ.ಶ. 2ನೇ ಶತಮಾನದಲ್ಲಿ ಅಲ್ಲಿಗೆ ಹೋದ ಪೌಸೇನಿಯಸ್, ಹಿಂಬದಿಯ ಮಂಟಪದಲ್ಲಿ ಓಕ್ ಮರದ ಕಂಬವೊಂದು ಇನ್ನೂ ನಿಂತಿದೆ ಎಂದು ಬರೆದಿದ್ದಾನೆ. ಮರದ ಕಂಬ ಹಾಳಾದಂತೆಲ್ಲ ಒಂದೊಂದಾಗಿ ಕಲ್ಲಿನದು ನಿಲ್ಲಿಸಿದರು ಅಂತ ಹೆಚ್ಚಿನವರ ಅಭಿಪ್ರಾಯ. ಆದರೆ ನೋಡಿ, ಹಾಗೆ ನಿಲ್ಲಿಸಿದವರು ಪಕ್ಕದ ಕಂಬದ ನಕಲು ಮಾಡಲಿಲ್ಲ. ತಮ್ಮ ಕಾಲದ ಶೈಲಿಯಲ್ಲೇ ಕಡೆದರು!

ಈಜಿಪ್ತಿನ ವಾದಕ್ಕೂ ಆಧಾರವಿದೆ. ಕ್ರಿ.ಪೂ. 7ನೇ ಶತಮಾನದಿಂದ ಗ್ರೀಕ್ ವ್ಯಾಪಾರಿಗಳು ನೈಲ್ ಮುಖಜಭೂಮಿಯ ನೌಕ್ರಾಟಿಸ್‌ನಲ್ಲಿದ್ದರು. ಗ್ರೀಕ್ ಕೂಲಿ ಸೈನಿಕರು ಅಬು ಸಿಂಬೆಲ್‌ನ ಮೂರ್ತಿಯ ಕಾಲಿನ ಮೇಲೆ ತಮ್ಮ ಹೆಸರು ಕೆತ್ತಿಹೋಗಿದ್ದಾರೆ. ದೊಡ್ಡ ಕಲ್ಲುಗಳಲ್ಲಿ ಕಟ್ಟುವ ಧೈರ್ಯ ಅಲ್ಲಿಂದ ಬಂದಿರಬಹುದು. ದೇರ್ ಎಲ್ ಬಹರಿಯಲ್ಲಿ ಹತ್ಶೆಪ್ಸುಟ್ ರಾಣಿ ಕಟ್ಟಿಸಿದ ಗುಡಿಯ ಬಹುಮುಖದ ಕಂಬಗಳು ಡೋರಿಕ್ ಕಂಬಗಳಂತೆಯೇ ಕಾಣುತ್ತವೆ. ಆದರೆ ಡೋರಿಕ್ ಬೋದಿಗೆಯ ದಿಂಬಿನಂಥ ಉಬ್ಬು ಅಲ್ಲಿಲ್ಲ. ಅದರ ಹತ್ತಿರದ ನೆಂಟನನ್ನು ಹುಡುಕಿದರೆ ಸಿಗುವುದು ಗ್ರೀಸಿನದೇ ಮೈಸೀನಿಯಲ್ಲಿ.

ಈಗ ಮರದ ವಾದಕ್ಕೆ ವಾಪಸು ಬರುತ್ತೇನೆ, ಯಾಕಂದರೆ ಗಂಟು ಇರುವುದು ಗುಡಿಯ ಮೂಲೆಯಲ್ಲಿ. ಜಂತೆಗಳು ಅಡ್ಡಲಾಗಿ ಕೂತರೆ ಅವುಗಳ ತುದಿ ಎರಡು ಬದಿಗೆ ಮಾತ್ರ ಬರಬೇಕು. ಟ್ರೈಗ್ಲಿಫ್ ಮಾತ್ರ ನಾಲ್ಕೂ ಕಡೆ, ಒಂದೇ ಮಟ್ಟದಲ್ಲಿ ಇರುತ್ತದೆ. ಯಾವ ಬಡಿಗನೂ ಹಾಗೆ ಮಾಡು ಕಟ್ಟಲಾರ. ಅಂದರೆ ಶಿಲ್ಪಿಗಳು ಅನುಕರಿಸಿದ್ದು ಮರಗೆಲಸವನ್ನಲ್ಲ, ಮರಗೆಲಸದ ನೋಟವನ್ನು. ಅದರ ಬೆಲೆಯನ್ನೂ ತೆತ್ತರು. ಟ್ರೈಗ್ಲಿಫ್ ಕಂಬದ ನಡುಮಧ್ಯದ ಮೇಲೂ ಇರಬೇಕು, ಪಟ್ಟಿಯ ಕಟ್ಟಕಡೆಗೂ ಬರಬೇಕು. ಮೂಲೆಯಲ್ಲಿ ಎರಡೂ ಕೂಡಿಬರುವುದಿಲ್ಲ. ಅದಕ್ಕೇ ಪಾರ್ಥೆನಾನಿನಂಥ ಗುಡಿಯಲ್ಲೂ ಮೂಲೆಯ ಕಂಬವನ್ನು ಪಕ್ಕದ್ದಕ್ಕೆ ಹತ್ತಿರ ಸರಿಸಿದ್ದಾರೆ.

ಈ ತಾಪತ್ರಯವೇ ಬೇಡ ಅಂದವರೂ ಇದ್ದರು. ವಿಟ್ರೂವಿಯಸ್ ಹೇಳುವಂತೆ ಹರ್ಮೋಜಿನೀಸ್ ಎಂಬ ವಾಸ್ತುಶಿಲ್ಪಿ ಡೋರಿಕ್ ಗುಡಿಗೆಂದು ಅಮೃತಶಿಲೆ ತರಿಸಿಟ್ಟಿದ್ದ. ಆಮೇಲೆ ಮನಸ್ಸು ಬದಲಿಸಿ ಅದೇ ಕಲ್ಲಿನಲ್ಲಿ ಡಯೊನೈಸಸ್ ದೇವರಿಗೆ ಅಯೋನಿಕ್ ಗುಡಿ ಕಟ್ಟಿದನಂತೆ.